ಇಲ್ಲದ ಮಗನಿಗೊಂದು ಸ್ಪೋರ್ಟ್ಸ್ ಬೈಕು

ಹಳೆಯ ಸ್ಪೋರ್ಟ್ಸ್ ಬೈಕು ಕೊಳ್ಳುವಾಗ ಏನೇನು ನೋಡಬೇಕು ಎಂದು ಯಾರಾದರೂ ಕೇಳಿದರೆ ನಾನು ಇಂಜಿನ್ನು, ಚೈನು, ಟೈರು ಎಂದು ಶುರು ಮಾಡುವುದಿಲ್ಲ. ಜೊತೆಗೆ ಯಾರು ಬರುತ್ತಿದ್ದಾರೆ ಎಂಬುದನ್ನು ಮೊದಲು ನೋಡಿ ಎನ್ನುತ್ತೇನೆ. ಇಂಜಿನ್ ಕೆಟ್ಟಿದ್ದರೆ ಬಿಚ್ಚಿ ಸರಿ ಮಾಡಬಹುದು. ಜೊತೆಗೆ ಬಂದವರನ್ನು ಬಿಚ್ಚಲು ಯಾವ ಸ್ಪ್ಯಾನರೂ ಇಲ್ಲ.

ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಐವತ್ತು ಹತ್ತಿರ ಬಂದಿದೆ. ಕೊರಳಲ್ಲಿ ತಾಳಿಯಷ್ಟೇ ವರ್ಷದಿಂದ ವಿಷಲ್ ಕೂಡ ಇದೆ, ಮತ್ತು ವಿಷಲ್ ಊದಿದರೆ ಜನ ತಿರುಗಿಯಾದರೂ ನೋಡುತ್ತಾರೆ. ಗೇರಿನ ಬೈಕು ಓಡಿಸಲು ಕಲಿತದ್ದು ಮದುವೆಗೆ ಮೊದಲು, ಅಪ್ಪನ ಗಾಡಿಯಲ್ಲಿ. ಮದುವೆಯಾದ ಮೇಲೆ ಅದನ್ನೆಲ್ಲ ಬಿಟ್ಟಳು ಎಂದು ಗಂಡನ ಮನೆಯವರು ನಂಬಿದ್ದರು. ನಾನು ಬಿಟ್ಟಿರಲಿಲ್ಲ. ತಾಲ್ಲೂಕು ಕ್ರೀಡಾಕೂಟಗಳಿಗೆ ಹೋಗುವಾಗ ನಮ್ಮ ಶಾಲೆಯ ಇನ್ನೊಬ್ಬ ಪಿ.ಟಿ. ಮೇಷ್ಟ್ರ ಬೈಕನ್ನು ನಾನೇ ಓಡಿಸುತ್ತಿದ್ದೆ. ಅವರು ಹಿಂದೆ ಬಾವುಟಗಳ ಕಟ್ಟನ್ನು ತಬ್ಬಿಕೊಂಡು, ಪರಿಚಯದವರು ಎದುರು ಬಂದರೆ ಅದರಿಂದ ಮುಖ ಮುಚ್ಚಿಕೊಂಡು ಕೂತಿರುತ್ತಿದ್ದರು.

ನನಗೆ ಬೇಕಾಗಿದ್ದದ್ದು ಮುಂದಕ್ಕೆ ಬಗ್ಗಿ ಕೂರುವ, ಮೈತುಂಬ ಫೈಬರಿನ ಕವಚ ಹೊದ್ದ, ನಿಂತಲ್ಲೇ ಓಡುತ್ತಿರುವಂತೆ ಕಾಣುವ ಗಾಡಿ. ಯಾಕೆ ಬೇಕು ಎಂದು ಕೇಳಿದವರಿಗೆಲ್ಲ ನಾನು ಕೊಟ್ಟ ಉತ್ತರ ಒಂದೇ: ಆಸೆ. ಬಂಗಾರದ ಬಳೆ ಬೇಕು ಎಂದಿದ್ದರೆ ಯಾರೂ ಕಾರಣ ಕೇಳುತ್ತಿರಲಿಲ್ಲ.

ನಮ್ಮೆಜಮಾನರು ಒಳ್ಳೆಯವರು. ಕೋಟೆಯ ಹತ್ತಿರ ಸ್ಟೀಲು ಪಾತ್ರೆಯ ಅಂಗಡಿ ಇಟ್ಟುಕೊಂಡಿದ್ದಾರೆ. ಜಗತ್ತಿನ ಯಾವ ವಸ್ತುವನ್ನೇ ಕೊಟ್ಟರೂ ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಬೆಲೆ ಕಟ್ಟುತ್ತಾರೆ. ಕಲ್ಲಂಗಡಿಯನ್ನು ತಟ್ಟುವುದು ಸರಿ. ನಮ್ಮ ಮಗಳ ಮದುವೆಯ ಛತ್ರ ನೋಡಲು ಹೋದಾಗ ಕಂಬಗಳನ್ನೂ ತಟ್ಟಿದ್ದರು. ಅವರಿಗೆ ಸೈಕಲ್ ಬಿಟ್ಟರೆ ಬೇರೆ ಗಾಡಿ ಬರುವುದಿಲ್ಲ. ನನ್ನ ಆಸೆಯನ್ನು ಕೇಳಿ ಒಂದು ವಾರ ಮಾತಾಡಲಿಲ್ಲ. ಆಮೇಲೆ ಊಟಕ್ಕೆ ಕೂತಾಗ ಹೇಳಿದರು.

“ತಗೋ ಮಾರಾಯ್ತಿ. ನಿನ್ನ ಸಂಬಳ, ನಿನ್ನ ಇಷ್ಟ. ಆದ್ರೆ ಸೆಕೆಂಡ್ ಹ್ಯಾಂಡೇ ಇರ್ಲಿ. ಅಣ್ಣನ್ನ ಕರ್ಕೊಂಡು ಹೋಗೋಣ. ಮತ್ತೆ, ಗಾಡಿ ನಿಂಗೆ ಅಂತ ಮಾತ್ರ ಯಾರ ಹತ್ರಾನೂ ಹೇಳ್ಬೇಡ.”

“ಯಾಕ್ರೀ?”

“ನಗ್ತಾರೆ ಕಣೇ.”

ಮೂರು ಷರತ್ತಿನಲ್ಲಿ ಮೊದಲನೆಯದು ನನಗೂ ಒಪ್ಪಿಗೆಯಿತ್ತು. ಉಳಿದೆರಡು ನನ್ನ ತಲೆ ತಿಂದವು.

ನಮ್ಮ ಕಡೆ ಯಾರೂ ಏನನ್ನೂ ಒಬ್ಬರೇ ಹೋಗಿ ಕೊಳ್ಳುವುದಿಲ್ಲ. ಸೈಟಾಗಲಿ, ಹಸುವಾಗಲಿ, ಅಳಿಯನಾಗಲಿ, ಜೊತೆಗೊಬ್ಬರು ‘ತಿಳಿದವರು’ ಇರಲೇಬೇಕು. ತಿಳಿದವರಿಗೆ ಏನು ತಿಳಿದಿರಬೇಕು ಎಂಬ ನಿಯಮವೇನೂ ಇಲ್ಲ. ಧೋರಣೆ ಇದ್ದರೆ ಸಾಕು. ಕೈ ಹಿಂದೆ ಕಟ್ಟಿಕೊಂಡು ವಸ್ತುವಿನ ಸುತ್ತ ಒಂದು ಸುತ್ತು ಬಂದು, ತುಟಿ ಒತ್ತಿ, “ಹ್ಞೂಂ” ಎನ್ನಬೇಕು. ಆ “ಹ್ಞೂಂ” ಕೇಳಿದ ಕೂಡಲೇ ಮಾರುವವನ ಮುಖ ಬಾಡಬೇಕು. ತಿಳಿದವರು ಒಂದು ತಪ್ಪನ್ನಾದರೂ ಕಂಡುಹಿಡಿಯದಿದ್ದರೆ ಅವರನ್ನು ಕರೆದುಕೊಂಡು ಬಂದದ್ದಕ್ಕೆ ಅರ್ಥವಿಲ್ಲ. ಆದ್ದರಿಂದ ತಪ್ಪು ಇರಲಿ ಬಿಡಲಿ, ಅವರು ಕಂಡುಹಿಡಿದೇ ತೀರುತ್ತಾರೆ.

ನಮ್ಮ ಕುಟುಂಬದ ತಿಳಿದವರು ನಮ್ಮ ಭಾವ, ಎಂದರೆ ಯಜಮಾನರ ಅಣ್ಣ. ಅಡಿಕೆ ಮಂಡಿಯಲ್ಲಿ ವ್ಯವಹಾರ ಮಾಡಿದವರು. ಅಡಿಕೆಯನ್ನು ಒಡೆದು ಒಳಗಿನ ಬಣ್ಣ ನೋಡಿ ಯಾವ ಊರಿನ ತೋಟದ್ದು ಎನ್ನುವಷ್ಟು ಗೊತ್ತಿದೆ ಎಂದು ಅವರೇ ಹೇಳುತ್ತಾರೆ. ಅಡಿಕೆಯ ಈ ಅನುಭವವನ್ನು ಅವರು ಮನುಷ್ಯರಿಗೆ, ಮನೆಗಳಿಗೆ, ಡಾಕ್ಟರುಗಳಿಗೆ ಅನ್ವಯಿಸುತ್ತಾ ಬಂದಿದ್ದರು. ಬೈಕೊಂದು ಬಾಕಿ ಇತ್ತು.

ಇನ್ನು ಮೂರನೆಯ ಷರತ್ತು. ಗಾಡಿ ನನಗೆ ಎಂದು ಹೇಳುವಂತಿಲ್ಲವಾದರೆ ಯಾರಿಗೆ ಎಂದು ಹೇಳುವುದು? ಯಜಮಾನರು ಮೊದಲನೆಯ ಫೋನಿನಲ್ಲೇ ಅದನ್ನು ಬಗೆಹರಿಸಿಬಿಟ್ಟರು. “ಮಗನಿಗೆ,” ಎಂದರು. ನಮಗಿರುವುದು ಒಬ್ಬಳೇ ಮಗಳು, ಅವಳು ಗಂಡನ ಜೊತೆ ಮೈಸೂರಿನಲ್ಲಿದ್ದಾಳೆ, ಸೈಕಲ್ಲಿಗೂ ಹೆದರುತ್ತಾಳೆ. ಹಾಗೆ ನನಗೆ ಈ ವಯಸ್ಸಿನಲ್ಲಿ ಬಸಿರು ಬಾಣಂತನ ಯಾವುದೂ ಇಲ್ಲದೆ ಒಬ್ಬ ಗಂಡುಮಗ ಹುಟ್ಟಿದ.

ಮೊದಲು ನೋಡಿದ್ದು ಸಾಗರ ರಸ್ತೆಯ ಒಬ್ಬ ವಿದ್ಯಾರ್ಥಿಯ ಗಾಡಿ. ಕಾಲಿಡುವ ಪೆಡಲುಗಳ ತುದಿ ಸವೆದು ಚೂಪಾಗಿತ್ತು. ತಿರುವಿನಲ್ಲಿ ಗಾಡಿಯನ್ನು ನೆಲಕ್ಕೆ ತಾಗುವಷ್ಟು ಮಲಗಿಸಿ ಓಡಿಸಿದರೆ ಮಾತ್ರ ಹಾಗಾಗುತ್ತದೆ. ಅಂಥ ಗಾಡಿಯ ಇಂಜಿನ್ನು ಬಹಳ ಏಟು ತಿಂದಿರುತ್ತದೆ. ನಾನದನ್ನು ತೋರಿಸಿದೆ. ಭಾವ ಅತ್ತ ನೋಡಲೂ ಇಲ್ಲ. ಅವರು ಕನ್ನಡಿಯನ್ನು ತಿರುಗಿಸಿ ತಮ್ಮ ಮೀಸೆ ನೋಡಿಕೊಂಡು, “ಕನ್ನಡಿ ಸಣ್ಣದಾಯ್ತು,” ಎಂದು ತಳ್ಳಿಹಾಕಿದರು. ಕಾರಣ ತಪ್ಪಾದರೂ ತೀರ್ಪು ಸರಿಯಾಗಿತ್ತು, ಸುಮ್ಮನಾದೆ. ಅಲ್ಲಿ ನನ್ನ ಮಗ ಇಂಜಿನಿಯರಿಂಗ್ ಓದುತ್ತಿದ್ದ.

ಎರಡನೆಯದು ಬಸ್ ಸ್ಟ್ಯಾಂಡಿನಾಚೆ ಹಳೇ ಗಾಡಿ ಮಾರುವ ಒಬ್ಬ ಸಾಬರ ಅಂಗಡಿಯಲ್ಲಿತ್ತು. ಆತ ನನ್ನ ಯಜಮಾನರನ್ನೂ ಭಾವನನ್ನೂ ಒಂದು ಗಳಿಗೆ ನೋಡಿ, ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಚೈನನ್ನು ಹಿಂದಿನ ಚಕ್ರದ ಹಲ್ಲಿನಿಂದ ಎಳೆದು ನೋಡುತ್ತಿದ್ದ ನನ್ನನ್ನು ನೋಡಿ, “ಗಾಡಿ ಮೇಡಮ್ಮೋರ್ಗಾ?” ಎಂದ. ಹೌದು ಎನ್ನಲು ಬಾಯಿ ತೆರೆದೆ. ಯಜಮಾನರು ಟ್ಯಾಂಕನ್ನು ಟಣಟಣ ತಟ್ಟುವುದನ್ನು ಬಿಟ್ಟು, “ಛೆ ಛೆ, ಮಗಂಗೆ,” ಎಂದರು. “ಹಾಸ್ಟೆಲ್ ಊಟ ಸೇರಲ್ಲ, ಪಾಪ. ಸೊರಗಿದಾನೆ,” ಎಂದು ಭಾವ ಸೇರಿಸಿದರು. ಅದು ಚೆನ್ನಾಗಿದ್ದ ಗಾಡಿ. ಚೈನು ಬಿಗಿಯಾಗಿತ್ತು, ಟೈರಿನ ಮೇಲೆ ಅಚ್ಚಾಗಿದ್ದ ತಯಾರಿಕೆಯ ವಾರ, ವರ್ಷ ಇತ್ತೀಚಿನವೇ ಆಗಿದ್ದವು, ಮುಂದಿನ ಚಕ್ರವನ್ನು ಹಿಡಿದ ಎರಡೂ ಕೊಳವೆಗಳಲ್ಲಿ ಎಣ್ಣೆಯ ಪಸೆ ಇರಲಿಲ್ಲ, ತಣ್ಣಗಿದ್ದ ಇಂಜಿನ್ನು ಒಂದೇ ಸಲಕ್ಕೆ ಹೊಗೆಯಿಲ್ಲದೆ ಎದ್ದಿತು. ಭಾವ ನಂಬರ್ ಪ್ಲೇಟಿನ ಅಂಕಿಗಳನ್ನು ಬೆರಳು ಮಡಿಚಿ ಕೂಡಿಸಿದರು. ಎಂಟು ಬಂತು.

“ಎಂಟು ಶನೀದು. ಹುಡುಗನ ಕೈಲಿ ಎಂಟು ಕೊಡೋದು ಬೇಡ.”

ಇಲ್ಲದ ಹುಡುಗನ ಕೈಗೆ ಎಂಟು ಬೇಡವೆಂದು ಇರುವ ನನ್ನ ಕೈಯಿಂದ ಗಾಡಿ ತಪ್ಪಿತು. ಮನೆಗೆ ಬಂದು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾಗುವುದಿಲ್ಲ. ಆ ಮಗನ ಮೇಲೆ ನನಗೆ ನಿಜವಾಗಿ ಸಿಟ್ಟು ಬರತೊಡಗಿತ್ತು. ದುಡಿಯುವವಳು ನಾನು, ಬೈಕು ಅವನಿಗೆ, ಸೊರಗಿದ್ದಾನೆಂಬ ಕನಿಕರವೂ ಅವನಿಗೇ.

ಭಾವನಿಗೂ ನನ್ನ ಬಾಯಿಯ ಮೇಲೆ ಸಿಟ್ಟು ಬಂತು. ಮರುದಿನ ಸಂಜೆ ಮನೆಗೆ ಬಂದು, ಸೋಫಾದ ಮೇಲೆ ಕೂತು, ನನ್ನ ಕಡೆ ನೋಡದೆ ತಮ್ಮನಿಗೆ ಹೇಳಿದರು.

“ಭದ್ರಾವತಿಲೊಂದು ಇದೆಯಂತೆ. ಭಾನುವಾರ ಹೋಗಿ ನೋಡೋಣ. ಇದೇ ಕೊನೆ. ಇದೂ ಆಗ್ಲಿಲ್ಲ ಅಂದ್ರೆ ಒಂದು ಸ್ಕೂಟರ್ ತಗೊಂಡು ಸುಮ್ನೆ ಇರೋಕೆ ಹೇಳು. ದಿನಾ ಇದೇ ಕೆಲ್ಸ ಏನು ನಂಗೆ?”

ಯಜಮಾನರು ತಲೆಯಾಡಿಸಿದರು. ಅವರು ಅಣ್ಣನ ಎದುರು ತಲೆಯನ್ನು ಒಂದೇ ದಿಕ್ಕಿನಲ್ಲಿ ಆಡಿಸಿ ಅಭ್ಯಾಸವಾದವರು. ಸಂಬಳ ನನ್ನದೇ ಆದರೂ, ಇವರಿಬ್ಬರನ್ನೂ ಎದುರು ಹಾಕಿಕೊಂಡು ಬೈಕು ತಂದು ಅದೇ ಮನೆಯ ಅಂಗಳದಲ್ಲಿ ನಿಲ್ಲಿಸುವ ಗಟ್ಟಿತನ ನನಗಿರಲಿಲ್ಲ. ಭಾನುವಾರವೇ ಕೊನೆಯ ಅವಕಾಶ ಎಂದು ನಾನೂ ಒಪ್ಪಿಕೊಂಡೆ.

ಭಾವನ ಕಾರಿನಲ್ಲಿ ಹೊರಟೆವು. ಅಣ್ಣ ತಮ್ಮ ಮುಂದೆ, ನಾನು ಹಿಂದೆ, ನನ್ನ ಪಕ್ಕ ಬಾಳೆಹಣ್ಣಿನ ಚೀಲ. ಬೇರೆಯವರ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂದು ಭಾವ ಚಿಪ್ಪು ಕೊಂಡಿದ್ದರು. ವ್ಯಾಪಾರಕ್ಕೆ ಹೊರಟವರು ಹಣ್ಣು ಒಯ್ದರೆ ಚೌಕಾಸಿ ಮಾಡುವ ಬಾಯಿ ಅರ್ಧ ಕಟ್ಟಿದಂತೆ ಎಂದೆ. ಹೆಲ್ಮೆಟ್ಟು ಡಿಕ್ಕಿಯಲ್ಲಿತ್ತು. ಅದು ಯಾಕೆ ಎಂದು ಭಾವ ಕೇಳಿದ್ದರು, ಮಗನಿಗೆ ಎಂದಿದ್ದೆ.

ಮನೆ ನ್ಯೂ ಟೌನಿನಲ್ಲಿತ್ತು. ಅಲ್ಲಿನ ರಸ್ತೆಗಳು ಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರ, ಅಗಲ, ಭಾನುವಾರ ಖಾಲಿ. ಟೆಸ್ಟ್ ರೈಡಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಜಿಲ್ಲೆಯಲ್ಲೇ ಇಲ್ಲ ಎಂದು ಕಿಟಕಿಯಿಂದಲೇ ಲೆಕ್ಕ ಹಾಕಿದೆ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಮನೆಯ ಯಜಮಾನರು ಗೇಟಿನಲ್ಲೇ ನಿಂತಿದ್ದರು. ಜಗುಲಿಯ ಕುರ್ಚಿಯಲ್ಲಿ ಅವರ ತಾಯಿ, ಹಣೆತುಂಬ ವಿಭೂತಿ ಧರಿಸಿದ ಅಜ್ಜಿ. ಬೈಕು ಅವರ ಮಗನದಂತೆ, ಅವನು ಕೆಲಸ ಸಿಕ್ಕಿ ಹುಬ್ಬಳ್ಳಿಗೆ ಹೋಗಿದ್ದಾನಂತೆ. ನಾವು ಕೊಳ್ಳುವುದೂ ಮಗನಿಗೇ ಎಂದರು ಭಾವ.

ಬೈಕಿನ ಹಣೆಯಲ್ಲೂ ವಿಭೂತಿಯಿತ್ತು. ಆಯುಧಪೂಜೆ ಆಗಿ ಹೆಚ್ಚು ದಿನವಾಗಿರಲಿಲ್ಲ. ಮುಂದಿನ ದೀಪದ ಮೇಲೆ ಮೂರು ಗೆರೆ, ಟ್ಯಾಂಕಿನ ಮೇಲೆ ಮೂರು ಗೆರೆ, ಹ್ಯಾಂಡಲ್ಲಿನ ಬುಡದಲ್ಲಿ ದಪ್ಪಗೆ ಮೆತ್ತಿದ ವಿಭೂತಿ, ಅದರ ಮೇಲೆ ಕುಂಕುಮ, ಒಣಗಿದ ಚೆಂಡುಹೂವು. ಆದರೂ ಎಂಥ ಚಂದದ ಗಾಡಿ! ಕಡುನೀಲಿ. ನೋಡಿದ ಕೂಡಲೇ ಅದು ನನ್ನದು ಎನಿಸಿಬಿಟ್ಟಿತು. ಹಳೇ ಗಾಡಿ ನೋಡಲು ಹೋದವರಿಗೆ ಅನಿಸಬಾರದ್ದು ಅದೊಂದೇ.

ಸಮಾಧಾನ ಮಾಡಿಕೊಂಡು ಇಂಜಿನ್ನಿನ ಪಕ್ಕಕ್ಕೆ ಅಂಗೈ ಹಿಡಿದೆ. ಬಿಸಿ ಹೊಡೆಯಿತು.

“ನೀವು ಬರ್ತೀರಲ್ಲ ಅಂತ ಬೆಳಿಗ್ಗೆಯಿಂದ ಎರಡು ಸಲ ಸ್ಟಾರ್ಟ್ ಮಾಡಿ ಇಟ್ಟಿದೀನಿ,” ಎಂದರು ಮನೆಯವರು, ಅತಿಥಿಗೆ ಬಿಸಿನೀರು ಕಾಯಿಸಿಟ್ಟಷ್ಟು ಸಂತೋಷದಿಂದ.

ತಣ್ಣಗಿದ್ದಾಗ ಎಬ್ಬಿಸಿದರೆ ಮಾತ್ರ ಇಂಜಿನ್ನು ತನ್ನ ಗೂರಲನ್ನು ತೋರಿಸುತ್ತದೆ. ಬಿಸಿಯಾದ ಮೇಲೆ ಎಲ್ಲ ಇಂಜಿನ್ನುಗಳೂ ಸಂಭಾವಿತರೇ. ಅದನ್ನು ಹೇಳೋಣವೆಂದರೆ ಅವರ ಮುಖದಲ್ಲಿ ಕಪಟವಿರಲಿಲ್ಲ. ಉಪಚಾರವನ್ನು ತಪ್ಪೆನ್ನುವುದು ಹೇಗೆ? ನಾನು ಎಡಗಡೆಗೆ ಬಂದೆ. ಕವಚದ ಬಲಗಡೆಯ ಸ್ಕ್ರೂಗಳಿಗೆಲ್ಲ ತುಕ್ಕು ಹಿಡಿದಿತ್ತು, ಎಡಗಡೆಯವು ನಮ್ಮ ಅಂಗಡಿಯ ಲೋಟದ ಹಾಗೆ ಹೊಳೆಯುತ್ತಿದ್ದವು. ಕ್ಲಚ್ಚಿನ ಹಿಡಿ ಹೊಸದು, ಬ್ರೇಕಿನ ಹಿಡಿ ಹಳೆಯದು. ಗಾಡಿ ಎಡಕ್ಕೆ ಬಿದ್ದಿದ್ದರೆ ಹೀಗೆಯೇ ಇರುತ್ತದೆ. ಬಿದ್ದ ಏಟು ಎಷ್ಟು ಆಳ ಎಂದು ತಿಳಿಯಲು ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಅದರ ಬುಡದಲ್ಲಿ ಚಾಸಿಗೆ ತಾಗುವ ಜಾಗ ಜಜ್ಜಿದೆಯೇ ನೋಡಬೇಕು. ಸರಿಯಾಗಿ ಅಲ್ಲಿಯೇ ವಿಭೂತಿ ಮೆತ್ತಿತ್ತು. ನಾನು ಕರವಸ್ತ್ರ ತೆಗೆದೆ.

“ಅಯ್ಯೋ, ಹಬ್ಬದ ವಿಭೂತಿ ಕಣಮ್ಮ, ಒರೆಸ್ಬಾರ್ದು,” ಎಂದು ಅಜ್ಜಿ ಜಗುಲಿಯಿಂದ ಕೂಗಿದರು.

ಭಾವ ಕೆಮ್ಮಿದರು. ನಾನು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಶೀತವಾದವಳಂತೆ ನಿಂತೆ. ಗಾಡಿ ಮಾರುವವರು ಇನ್ನು ಮೇಲೆ ಬಣ್ಣಕ್ಕೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ, ಎರಡು ಚಿಟಿಕೆ ವಿಭೂತಿ ಸಾಕು.

ಭಾವ ತಮ್ಮ ಪ್ರದಕ್ಷಿಣೆ ಮುಗಿಸಿ, “ಹ್ಞೂಂ,” ಎಂದರು. ಆಮೇಲೆ ತಪ್ಪು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮನೆಯವರು, ನಮ್ಮ ಸೀಮೆಯಲ್ಲಿ ಯಾರ ಬಾಯಿಯನ್ನಾದರೂ ಮುಚ್ಚಿಸುವ ಪ್ರಶ್ನೆ ಕೇಳಿಬಿಟ್ಟರು.

“ನಿಮ್ಮದು ಮೂಲ ಯಾವೂರು ಅಂದ್ರಿ?”

ಭಾವ ಹೇಳಿದರು. “ಹೆಂಡ್ತಿ ಕಡೆಯವರು?” ಎಂದು ಅಜ್ಜಿ ಕೇಳಿದರು. ಹೊಳೆಹೊನ್ನೂರು ಎಂದರು ಭಾವ. “ಹೊಳೆಹೊನ್ನೂರಲ್ಲಿ ಯಾರ ಮನೆ?” ದೊಡ್ಡಬಾಗಿಲ ಮನೆ ಎಂದರು. ಅಜ್ಜಿ ಕುರ್ಚಿಯಿಂದ ಎದ್ದುಬಿಟ್ಟರು.

“ಅಯ್ಯೋ ನಮ್ಮಪ್ಪಾ! ನನ್ನ ತಂಗೀನ ಕೊಟ್ಟಿರೋದೇ ಆ ಮನೆಗಲ್ವೇನೋ! ನಿನ್ನ ಅತ್ತೆ, ನನ್ನ ತಂಗಿ, ಇಬ್ರೂ ಓರಗಿತ್ತಿಯರು.”

ಅಲ್ಲಿಗೆ ಬೈಕಿನ ಪರೀಕ್ಷೆ ಮುಗಿಯಿತು. ನೆಂಟಸ್ತಿಕೆ ಪತ್ತೆಯಾದ ಮೇಲೆ ವಸ್ತುವನ್ನು ಪರೀಕ್ಷಿಸುವುದು ನಮ್ಮಲ್ಲಿ ಅವಮಾನ ಮಾಡಿದ ಹಾಗೆ. ಅಪರಿಚಿತನ ಗಾಡಿಯನ್ನು ಬಗ್ಗಿ ನೋಡಬಹುದು, ಹೊಗೆಯ ಬಣ್ಣ ನೋಡಬಹುದು, ಆರ್.ಸಿ. ಕೇಳಬಹುದು. ನೆಂಟರ ಗಾಡಿಯ ಕೆಳಗೆ ಬಗ್ಗಿದರೆ ಅವರ ಮನೆತನದ ಕೆಳಗೇ ಬಗ್ಗಿ ನೋಡಿದಂತೆ. ಭಾವ ತೆರೆದ ಬಾಯಿಂದ ತಪ್ಪಿನ ಬದಲು ಬೇರೆಯೇ ಮಾತು ಬಂತು.

“ಇನ್ನೇನು ನೋಡೋದು? ನಮ್ಮವರದೇ ಗಾಡಿ.”

“ಭಾವ, ಹ್ಯಾಂಡಲ್ ಒಂಚೂರು ತಿರುಗಿಸಿ...”

“ನೀನು ಒಳಗೆ ಬಾರಮ್ಮ. ತಿಂಡಿ ಆರ್ತದೆ,” ಎಂದು ಅಜ್ಜಿ ನಡುವೆ ಬಾಯಿ ಹಾಕಿದರು.

ತಿಂಡಿ ಉಪ್ಪಿಟ್ಟು, ಕೇಸರಿಬಾತು. ಭಾವ ಮತ್ತು ಅಜ್ಜಿ ದೊಡ್ಡಬಾಗಿಲ ಮನೆಯ ಪ್ರತಿಯೊಬ್ಬರ ಸಕ್ಕರೆ ಕಾಯಿಲೆಯನ್ನೂ ವಿಚಾರಿಸಿಕೊಂಡರು. ಯಜಮಾನರು ತಟ್ಟೆಯನ್ನು ಎತ್ತಿ ತಳವನ್ನು ತಟ್ಟಿ ನೋಡಿದರು. ಮನೆಯವರು ಅಡ್ವಾನ್ಸಿನ ಮಾತು ಎತ್ತದೆ, ದಿನ ಯಾವುದು ಒಳ್ಳೆಯದು ಎಂದು ಕ್ಯಾಲೆಂಡರು ತಿರುವುತ್ತಿದ್ದರು. ಆಗ ಅಜ್ಜಿ ಕೇಸರಿಬಾತಿನ ಚಮಚ ಕೆಳಗಿಟ್ಟು ನಮ್ಮೆಜಮಾನರ ಕಡೆ ತಿರುಗಿದರು.

“ಅಲ್ಲಾ, ಕೋಟೆ ಹತ್ರ ಪಾತ್ರೆ ಅಂಗಡಿ ನಿಂದೇ ಅಲ್ವಾ? ನಿಂಗೆ ಒಬ್ಳೇ ಮಗಳು ಅಂತ ನನ್ನ ತಂಗಿ ಹೇಳ್ತಿದ್ಲು. ಮೈಸೂರಿಗೆ ಕೊಟ್ಟಿರೋದು. ಮಗ ಯಾವಾಗ ಹುಟ್ಟಿದ?”

ಭಾವನ ಬಾಯಲ್ಲಿ ಉಪ್ಪಿಟ್ಟಿತ್ತು. ಅದನ್ನು ಅವರು ಬಹಳ ಹೊತ್ತು ಅಗಿದರು. ಇಂಜಿನಿಯರಿಂಗ್ ಓದುತ್ತಿದ್ದ, ಹಾಸ್ಟೆಲ್ ಊಟ ಸೇರದ, ಎಂಟರ ಗಂಡಾಂತರದಿಂದ ಪಾರಾಗಿದ್ದ ನನ್ನ ಮಗ ಆ ನಡುಮನೆಯಲ್ಲಿ ಎಲ್ಲರ ಎದುರು ತೀರಿಕೊಂಡ. ನನಗೆ ಒಂದಿಷ್ಟೂ ದುಃಖವಾಗಲಿಲ್ಲ.

“ಮತ್ತೆ ಗಾಡಿ ಯಾರಿಗೆ?” ಎಂದು ಮನೆಯವರು ಕೇಳಿದರು.

ನಾನು ಯಜಮಾನರನ್ನೇ ನೋಡಿದೆ. ಹೇಳಿಬಿಡಿ, ಹೆಂಡತಿಗೆ ಎನ್ನಿ, ನಕ್ಕರೆ ನಗಲಿ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಅವರು ನನ್ನನ್ನು ನೋಡಿದರು, ಅಣ್ಣನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

“ಅದು... ನಂಗೇ,” ಎಂದರು.

ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಸೈಕಲ್ಲಿನಲ್ಲಿ ಹೋಗುವಾಗಲೂ ಇಳಿಜಾರು ಬಂದರೆ ಇಳಿದು ತಳ್ಳುವ ಮನುಷ್ಯ! ಆದರೆ ಆ ಮನೆಯಲ್ಲಿ ಯಾರೂ ನಗಲಿಲ್ಲ. ಹೊಟ್ಟೆ ಬಂದ, ತಲೆ ನೆರೆತ, ಗೇರು ಎಂದರೇನೆಂದು ತಿಳಿಯದ ಗಂಡಸು ಸ್ಪೋರ್ಟ್ಸ್ ಬೈಕು ಬೇಕು ಎಂದರೆ ಅದು ಜಗತ್ತಿಗೆ ಸಹಜವಾಗಿ ಕಾಣುತ್ತದೆ. “ಒಳ್ಳೇದಾಯ್ತು ಬಿಡಿ, ಈ ವಯಸ್ಸಲ್ಲೇ ಓಡಿಸ್ಬೇಕು,” ಎಂದು ಮನೆಯವರು ಖುಷಿಯಿಂದ ಎದ್ದು, ಕೀಲಿಕೈ ತಂದು ಅವರ ಕೈಗೆ ಕೊಟ್ಟರು. “ಒಂದು ರೌಂಡ್ ಹೊಡ್ಕೊಂಡು ಬನ್ನಿ.”

ಎಲ್ಲರೂ ಅಂಗಳಕ್ಕೆ ಇಳಿದೆವು. ಯಜಮಾನರು ಕೀಲಿಕೈ ಹಿಡಿದು ಗಾಡಿಯ ಪಕ್ಕ ನಿಂತರು. ಟ್ಯಾಂಕನ್ನು ತಟ್ಟಿದರು. ಸೀಟನ್ನು ತಟ್ಟಿದರು. ತಟ್ಟಲು ಇನ್ನೇನೂ ಉಳಿಯದಾದಾಗ ಸೊಂಟ ಹಿಡಿದುಕೊಂಡರು.

“ನಂಗೆ ಬೆನ್ನು ಹಿಡ್ಕೊಂಡಿದೆ. ನೀನೇ ಒಂದು ಸುತ್ತು ನೋಡ್ಕೊಂಡು ಬಾರೇ,” ಎಂದು ಕೀಲಿಕೈಯನ್ನು ನನಗೆ ಕೊಟ್ಟರು.

ಭಾವ ಬೇಡ ಎನ್ನುವುದರೊಳಗೆ ನಾನು ಡಿಕ್ಕಿಯಿಂದ ಹೆಲ್ಮೆಟ್ಟು ತಂದಿದ್ದೆ.

ಆ ಸುತ್ತಿನ ಬಗ್ಗೆ ಏನು ಹೇಳಲಿ! ಗೇಟು ದಾಟಿ ಎರಡನೇ ಗೇರಿಗೆ ಹಾಕುವಷ್ಟರಲ್ಲಿ ನನಗೆ ವಯಸ್ಸು ಮರೆತುಹೋಗಿತ್ತು. ಟ್ಯಾಂಕಿನ ಮೇಲೆ ಎದೆಯಿಟ್ಟು ಬಗ್ಗಿದರೆ ಗಾಳಿ ಹೆಲ್ಮೆಟ್ಟಿನ ಮೇಲಿಂದ ಹಾರಿಹೋಗುತ್ತಿತ್ತು. ಒಂದು ಮನೆಯ ಮುಂದೆ ರಂಗೋಲಿಯ ಬಳಿ ನಿಂತಿದ್ದ ಹೆಂಗಸು ಪಕ್ಕದವಳನ್ನು ತಮಿಳಿನಲ್ಲಿ ಕೂಗಿ ಕರೆದಳು. ನಾನು ಜೋರಾಗಿ ನಕ್ಕೆ. ಹೆಲ್ಮೆಟ್ಟಿನೊಳಗೆ ನಕ್ಕರೆ ಯಾರಿಗೂ ಕೇಳಿಸುವುದಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಓಡಿ ಓಡಿ ಎಂದು ಬದಿಯಲ್ಲಿ ನಿಂತು ವಿಷಲ್ ಊದಿದವಳಿಗೆ ಅವತ್ತು ಓಡುವ ಸರದಿ ಬಂದಿತ್ತು. ನನಗೆ ಈ ಗಾಡಿ ಬೇಕು, ಏನಾದರಾಗಲಿ ಬೇಕು ಎಂದುಕೊಂಡೆ.

ಆಮೇಲೆ ನೇರ ರಸ್ತೆಯಲ್ಲಿ, ಮಾಡಲೇಬೇಕಾದ ಕೆಲಸ ಮಾಡಿದೆ. ವೇಗ ಇಳಿಸಿ, ಹ್ಯಾಂಡಲ್ಲಿನ ಮೇಲಿನ ಕೈಗಳನ್ನು ಮುಟ್ಟಿಯೂ ಮುಟ್ಟದ ಹಾಗೆ ಸಡಿಲ ಬಿಟ್ಟೆ. ಗಾಡಿ ಮೆಲ್ಲಗೆ ಎಡಕ್ಕೆ ವಾಲಿತು. ರಸ್ತೆಯೇ ಎಡಕ್ಕೆ ಇಳಿಜಾರಿರಬಹುದು ಎಂದು ನಡುವಿಗೆ ಬಂದು ನೋಡಿದೆ. ಎಡಕ್ಕೆ. ತಿರುಗಿಸಿಕೊಂಡು ಬಂದು ನೋಡಿದೆ. ಎಡಕ್ಕೇ. ಬ್ರೇಕು ಹಿಡಿದಾಗ ಇನ್ನೂ ಜಾಸ್ತಿ ಎಳೆಯಿತು. ಅದು ಸ್ಕ್ರೂ ಬದಲಾಯಿಸಿದರೆ ಹೋಗುವ ದೋಷವಲ್ಲ, ಚಾಸಿಯೇ ಬಾಗಿರುವಾಗ ಬರುವಂಥದ್ದು. ಮಳೆಯಲ್ಲಿ, ವೇಗದಲ್ಲಿ, ಎದುರಿಂದ ಲಾರಿ ಬಂದಾಗ ಆ ಎಳೆತಕ್ಕೆ ಜೀವವೇ ಹೋಗಬಹುದು.

ಗಾಡಿ ನಿಲ್ಲಿಸಿ ಒಂದು ಮರದ ಕೆಳಗೆ ಕೂತೆ. ಹೇಳದಿದ್ದರೆ ಗಾಡಿ ನನ್ನದು. ಇವತ್ತೇ ಮಾತು ಮುಗಿಯುತ್ತದೆ, ನೆಂಟಸ್ತಿಕೆಯೂ ಉಳಿಯುತ್ತದೆ. ಹೇಳಿದರೆ ಇದು ಹೋಯಿತು, ಇನ್ನು ಯಾವುದೂ ಇಲ್ಲ, ಒಂದು ಸ್ಕೂಟರು ಮತ್ತು ಅದರ ಮುಂದೆ ತರಕಾರಿ ಚೀಲ ಸಿಕ್ಕಿಸುವ ಕೊಕ್ಕೆ. ಒಮ್ಮೆ, ನಿಧಾನವಾಗಿ ಓಡಿಸಿದರಾಯಿತು ಎಂದುಕೊಂಡೆ. ನಿಧಾನವಾಗಿ ಓಡಿಸಲು ಸ್ಪೋರ್ಟ್ಸ್ ಬೈಕು ಯಾಕೆ ಎಂದು ನನಗೇ ಅನಿಸಿ ಎದ್ದೆ.

ಅಂಗಳಕ್ಕೆ ಬಂದು, ಹೆಲ್ಮೆಟ್ಟು ತೆಗೆದು, ಎಲ್ಲರ ಎದುರು ಹೇಳಿದೆ. “ಗಾಡಿ ಎಡಕ್ಕೆ ಎಳೀತದೆ. ಚಾಸಿ ಬಾಗಿದೆ. ಬಿದ್ದಿರೋ ಗಾಡಿ ಇದು, ಬೇಡ.”

ಭಾವನ ಮುಖ ಕೆಂಪಾಯಿತು. ನೆಂಟರ ಅಂಗಳದಲ್ಲಿ, ಅವರ ಉಪ್ಪಿಟ್ಟು ತಿಂದು!

“ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ,” ಎಂದರು ಅವರು, ಮನೆಯವರ ಕಡೆ ತಿರುಗಿ ಕ್ಷಮೆ ಕೇಳುವ ನಗು ನಗುತ್ತಾ. “ಹೆಂಗಸ್ರ ಕೈಲಿ ಕೊಟ್ರೆ ಎಡಕ್ಕೂ ಎಳೀತದೆ, ಬಲಕ್ಕೂ ಎಳೀತದೆ. ನೀವು ಬೇಜಾರು ಮಾಡ್ಕೋಬೇಡಿ. ಗಾಡಿ ಚೆನ್ನಾಗೇ ಇದೆ.”

ಮನೆಯವರೂ ನಕ್ಕರು. ಬಾಯಿ ತೆರೆದರೆ ಅಳು ಬರುತ್ತದೆ, ಅತ್ತರೆ ಇವರಿಗೆ ಇನ್ನೊಂದು ಗಾದೆ ಸಿಗುತ್ತದೆ ಎಂದು ತುಟಿ ಕಚ್ಚಿ ನಿಂತೆ.

“ಅಣ್ಣ,” ಎಂದರು ಯಜಮಾನರು.

ಅವರ ಆ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ಅಂಗಡಿಯಲ್ಲಿ ಇರುತ್ತಿತ್ತೋ ಏನೋ.

“ಪಾತ್ರೆ ಸೋರ್ತದೆ ಅಂತ ಗಿರಾಕಿ ವಾಪಸ್ ತಂದ್ರೆ ನಾನು ಗಿರಾಕಿನ ಬೈಯಲ್ಲ. ನೀರು ಹಾಕಿ ನೋಡ್ತೀನಿ. ನೀನೂ ಹತ್ತು, ಒಂದು ಸುತ್ತು ಓಡಿಸಿ ನೋಡು.”

“ನಾನಾ? ನಂಗೆ ಮಂಡಿ ನೋವು ಮಾರಾಯ.”

“ನಂಗೆ ಬೆನ್ನು, ನಿಂಗೆ ಮಂಡಿ. ಓಡಿಸೋಕೆ ಬರೋದು ಇಲ್ಲಿ ಅವಳೊಬ್ಳಿಗೇ.” ಆಮೇಲೆ ಮನೆಯವರ ಕಡೆ ತಿರುಗಿದರು. “ಮಗನೂ ಇಲ್ಲ, ನಂಗೂ ಅಲ್ಲ. ಗಾಡಿ ಅವಳಿಗೆ. ಅವಳು ಎಳೀತದೆ ಅಂದ್ರೆ ಎಳೀತದೆ.”

ಮನೆಯವರ ನಗು ನಿಂತಿತು. “ಅಂಥಾದ್ದೇನಿಲ್ಲ... ಒಂದ್ಸಲ ಸ್ವಲ್ಪ ಜಾರಿತ್ತು...” ಎಂದು ತಡವರಿಸಿದರು.

“ಸ್ವಲ್ಪಾನಾ?” ಎಂದರು ಅಜ್ಜಿ. “ಹುಡುಗ ತಿಂಗಳುಗಟ್ಲೆ ಕೈಗೆ ಪಟ್ಟಿ ಕಟ್ಕೊಂಡು ಓಡಾಡ್ಲಿಲ್ವೇನೋ? ಬೇರೆಯವರಾಗಿದ್ರೆ ನಾನ್ಯಾಕೆ ಬಾಯಿ ಬಿಡ್ತಿದ್ದೆ. ನಮ್ಮವರಿಗೆ ಹೆಂಗೆ ಮುಚ್ಚಿಡೋದು?”

ಬೇರೆಯವರು ಸತ್ತರೆ ಅಡ್ಡಿಯಿಲ್ಲ ಎಂಬ ಈ ನ್ಯಾಯವನ್ನು ಅಜ್ಜಿ ಬಹಳ ಮಮತೆಯಿಂದ ಹೇಳಿದರು. ನನ್ನ ತಲೆ ಸವರಿ, ಕುಂಕುಮ ಕೊಟ್ಟು, ಮುಂದಿನ ಸಲ ಬಂದಾಗ ಊಟಕ್ಕೇ ಇರಬೇಕು ಎಂದರು. ಭಾವ ಯಾರ ಮುಖವನ್ನೂ ನೋಡದೆ ಕಾರಿಗೆ ನಡೆದರು.

ಆ ನೀಲಿ ಗಾಡಿಯನ್ನು ಇನ್ನೊಮ್ಮೆ ನೋಡಿದೆ. ಡೊಂಕಾಗಿದ್ದರೂ ಚಂದವಾಗಿಯೇ ಇತ್ತು. ಕಾರಿನ ಹಿಂದಿನ ಬಾಗಿಲು ತೆಗೆದು ಕೂತೆ. ಯಜಮಾನರು ಮುಂದಿನ ಬಾಗಿಲಿನ ಹತ್ತಿರ ಹೋಗಿ, ಕೈಯಿಟ್ಟು, ಮತ್ತೆ ತೆಗೆದು, ಹಿಂದೆ ಬಂದು ನನ್ನ ಪಕ್ಕ ಕೂತರು.

“ಏನೋ ಇದು? ನಾನೇನು ನಿಮ್ಮ ಡ್ರೈವರಾ?” ಎಂದರು ಭಾವ.

ಯಜಮಾನರು ಬಾಗಿಲು ಎಳೆದುಕೊಂಡರು. ಕಾರು ಭದ್ರಾವತಿಯನ್ನು ದಾಟಿತು. ಆಮೇಲೆ ಅವರು ನನ್ನ ಕಡೆ ತಿರುಗಿ, ಮುಂದೆ ಕೂತವರಿಗೂ ಕೇಳಿಸುವಷ್ಟು ಜೋರಾಗಿ ಕೇಳಿದರು.

“ಎಡಕ್ಕೆ ಎಳೆಯೋದು ಹೆಂಗೆ ಗೊತ್ತಾಗ್ತದೆ? ಹೇಳು. ಮುಂದಿನ ಭಾನುವಾರ ತೀರ್ಥಹಳ್ಳಿಗೆ ಇನ್ನೊಂದು ಗಾಡಿ ನೋಡೋಕೆ ಹೋದಾಗ ನಂಗೂ ಗೊತ್ತಿರ್ಬೇಕಲ್ಲ.”

ಭಾವ ಹಾರನ್ ಹೊಡೆದರು. ರಸ್ತೆಯಲ್ಲಿ ಯಾರೂ ಇರಲಿಲ್ಲ. ನಾನು ಎರಡೂ ಕೈಗಳನ್ನು ಮುಂದೆ ಚಾಚಿ, ಹ್ಯಾಂಡಲ್ಲು ಹಿಡಿದಂತೆ ಹಿಡಿದು, ಹೇಗೆ ಸಡಿಲ ಬಿಡಬೇಕೆಂದು ಅವರಿಗೆ ತೋರಿಸತೊಡಗಿದೆ.